ಗ್ಯಾರೇಜಿನಲ್ಲಿ ವಿಮಾನ ಕಟ್ಟುವವರಿಗೆ: ಮೊದಲು ಬೆಂಚು, ಆಮೇಲೆ ರೆಕ್ಕೆ

ಪ್ರಶ್ನೆ: ನಮ್ಮ ಊರು ದಾವಣಗೆರೆ. ಈಗ ಅಮೆರಿಕದ ಒಹಾಯೋದಲ್ಲಿ, ಡೇಟನ್ ಹತ್ತಿರ ಇದ್ದೇವೆ. ಮನೆಯ ಎರಡು ಕಾರಿನ ಗ್ಯಾರೇಜಿನಲ್ಲಿ ಆರ್‌ವಿ-7 ಅನ್ನುವ, ಭಾಗಗಳ ಕಿಟ್ ತರಿಸಿ ಮನೆಯಲ್ಲೇ ಜೋಡಿಸುವ ಸಣ್ಣ ತಗಡಿನ ವಿಮಾನ ಕಟ್ಟಲು ಹೊರಟಿದ್ದೇನೆ. ಬಾಲದ ಕಿಟ್ ಬಂದು ತಿಂಗಳುಗಳೇ ಆದವು, ಶುರುವಿನ ಹುರುಪು ಈಗಿಲ್ಲ. ರಾತ್ರಿ ಊಟ ಆದಮೇಲೆ ಒಂದು ಗಂಟೆ ಸಿಗುತ್ತದೆ. ಅದರಲ್ಲಿ ಅರ್ಧ ಸಾಮಾನು ಹುಡುಕುವುದರಲ್ಲೇ ಹೋಗುತ್ತದೆ. ತಗಡುಗಳನ್ನು ಕೂಡಿಸುವ ಮೊಳೆಯಂಥ ರಿವೆಟ್‌ಗಳೆಲ್ಲ ಒಂದಕ್ಕೊಂದು ಬೆರೆತಿವೆ. ಮೊನ್ನೆ ನೋಡಿದರೆ ಹೊಸ ತಗಡಿನ ಮೇಲೆ ಗೀರು. ಚಳಿಗಾಲದಲ್ಲಿ ಕಾರು ಹೊರಗೆ ನಿಲ್ಲಿಸಬೇಕಾ ಅಂತ ಮನೆಯಲ್ಲಿ ಚರ್ಚೆ ನಡೆದಿದೆ. ವರ್ಕ್‌ಶಾಪನ್ನು ಹೇಗೆ ಜೋಡಿಸಿಕೊಳ್ಳಲಿ? ಅಥವಾ ಏರ್‌ಪೋರ್ಟಿನಲ್ಲಿ ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ಶೆಡ್ಡು, ಬಾಡಿಗೆಗೆ ಹಿಡಿಯುವುದೇ ಒಳ್ಳೆಯದಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ರಿವೆಟ್ ಬೆರೆತದ್ದೂ ಅಲ್ಲ, ಗೀರು ಬಿದ್ದದ್ದೂ ಅಲ್ಲ. ಇರುವ ಒಂದು ಗಂಟೆಯಲ್ಲಿ ಅರ್ಧ ಹುಡುಕಾಟಕ್ಕೆ ಹೋಗುತ್ತದೆ ಅಂದಿರಲ್ಲ, ಅದು. ಆರ್‌ವಿ ತರದ ವಿಮಾನ ಕಟ್ಟಲು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಸಾವಿರ ಗಂಟೆ ಬೇಕು. ದಿನಕ್ಕೆ ಒಂದು ಗಂಟೆ ಕೆಲಸ ಅಂದರೂ ನಾಲ್ಕೈದು ವರ್ಷ. ಅರ್ಧ ಗಂಟೆಯೇ ಸಿಕ್ಕರೆ ಎಂಟು ವರ್ಷ ದಾಟುತ್ತದೆ. ಅಷ್ಟು ದಿನ ಯಾರ ಹುರುಪೂ ಉಳಿಯುವುದಿಲ್ಲ. ಅರ್ಧಕ್ಕೆ ನಿಂತ ವಿಮಾನಗಳನ್ನು ನಾನು ತುಂಬ ನೋಡಿದ್ದೇನೆ. ದುಡ್ಡು ಸಾಲದೆ ನಿಂತವು ಕೆಲವು. ಕೆಲಸ ಬರದೆ ನಿಂತವು ಬಹಳ ಕಡಿಮೆ. ಜಾಸ್ತಿ ನಿಂತದ್ದು ಹೀಗೆ: ಇವತ್ತು ಬೇಡ, ನಾಳೆ ನೋಡೋಣ ಅಂತ ಗ್ಯಾರೇಜಿನ ಬಾಗಿಲು ತೆಗೆಯುವುದೇ ಕಡಿಮೆಯಾಯಿತು.

ಹಾಗಾಗಿ ಒಂದೇ ಅಳತೆಗೋಲು ಇಟ್ಟುಕೊಳ್ಳಿ. ಬಾಗಿಲು ತೆಗೆದ ಐದು ನಿಮಿಷದೊಳಗೆ ಕೈ ಕೆಲಸಕ್ಕೆ ಹತ್ತಬೇಕು. ಬೆಂಚು ಎಲ್ಲಿಡಬೇಕು, ಡಬ್ಬಿಗೆ ಏನು ಬರೆಯಬೇಕು, ಯಾವ ಯಂತ್ರ ತರಬೇಕು, ಎಲ್ಲವನ್ನೂ ಈ ಅಳತೆಯಿಂದಲೇ ನೋಡಿ. ನೋಡಲು ಚೆಂದ ಇರುವ ವರ್ಕ್‌ಶಾಪು ಬೇರೆ, ಕೆಲಸ ಓಡುವ ವರ್ಕ್‌ಶಾಪು ಬೇರೆ.

ಜಾಗ ಚಿಕ್ಕದು ಅನ್ನುವ ಚಿಂತೆ ಬೇಡ. ನೀವು ಇರುವುದು ರೈಟ್ ಸಹೋದರರ ಊರಿನಲ್ಲಿ. ಅವರ ಮೊದಲ ಎಂಜಿನ್ ವಿಮಾನ, 1903ರ ಫ್ಲೈಯರ್‌ನ ಭಾಗಗಳು ತಯಾರಾದದ್ದು ವೆಸ್ಟ್ ಥರ್ಡ್ ಸ್ಟ್ರೀಟಿನ ಅವರ ಸೈಕಲ್ ಅಂಗಡಿಯಲ್ಲೇ. ರೆಕ್ಕೆಯ ನಡುಭಾಗ ಜೋಡಿಸಿದಾಗ ಅಂಗಡಿಯ ಮುಂದಿನ ಕೋಣೆಗೂ ಹಿಂದಿನ ಕೋಣೆಗೂ ನಡುವಿನ ದಾರಿಯೇ ಮುಚ್ಚಿಹೋಯಿತು. ಗಿರಾಕಿ ಬಂದರೆ ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿ, ಸುತ್ತಿ ಮುಂದಕ್ಕೆ ಬರಬೇಕಿತ್ತು. ಇಡೀ ವಿಮಾನ ಅಲ್ಲಿ ಹಿಡಿಸುತ್ತಲೇ ಇರಲಿಲ್ಲ, ಒಟ್ಟು ಜೋಡಣೆ ಆದದ್ದು ಅದನ್ನು ಹಾರಿಸಿದ ಕಿಟಿ ಹಾಕ್‌ನಲ್ಲಿ. ಅವರ ಮೆಕ್ಯಾನಿಕ್ ಚಾರ್ಲಿ ಟೇಲರ್ ಆ ಅಂಗಡಿಯ ಲೇತು, ಡ್ರಿಲ್ ಪ್ರೆಸ್ಸು, ಕೈ ಉಪಕರಣಗಳನ್ನೇ ಇಟ್ಟುಕೊಂಡು ಆರು ವಾರದಲ್ಲಿ ಎಂಜಿನ್ ಮಾಡಿಕೊಟ್ಟರು. ಆ ಕಟ್ಟಡ ಈಗ ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿ, ಗ್ರೀನ್‌ಫೀಲ್ಡ್ ವಿಲೇಜಿನಲ್ಲಿದೆ. ಒಮ್ಮೆ ಹೋಗಿ ನೋಡಿ ಬನ್ನಿ. ಎಷ್ಟು ಕಡಿಮೆ ಜಾಗ ಸಾಕು ಅನ್ನುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಈಗ ಬೆಂಚಿನ ವಿಷಯ. ಗೋಡೆಗೆ ಹೊಡೆದ ಒಂದೇ ಉದ್ದನೆಯ ಬೆಂಚು ಮಾಡಬೇಡಿ. ಅದು ಎರಡೇ ವಾರದಲ್ಲಿ ಸಾಮಾನು ಇಡುವ ಕಟ್ಟೆಯಾಗುತ್ತದೆ. ತಗಡಿನ ಕೆಲಸಕ್ಕೆ ಸುತ್ತಲೂ ಓಡಾಡಲು ಬರಬೇಕು. ವಿಮಾನ ಕಟ್ಟುವ ಹವ್ಯಾಸಿಗಳ ಇಎಎ ಸಂಸ್ಥೆಯ 1000ನೇ ಶಾಖೆ, ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್‌ನದು, ಒಂದು ಸರಳವಾದ ಮೇಜಿನ ನಕ್ಷೆ ಮಾಡಿಕೊಟ್ಟಿದೆ. ಎರಡು ಅಡಿ ಅಗಲ, ಐದು ಅಡಿ ಉದ್ದ. ಪ್ಲೈವುಡ್ಡು, ಮರದ ಪಟ್ಟಿ, ಒಂದು ಶನಿವಾರದ ಕೆಲಸ. ಇಂಥವು ಎರಡು ಮಾಡಿಕೊಳ್ಳಿ. ಎರಡೂ ಒಂದೇ ಎತ್ತರ ಇರಲೇಬೇಕು, ಇಲ್ಲಿ ಮಾತ್ರ ರಾಜಿ ಬೇಡ. ತುದಿಗೆ ತುದಿ ಕೂಡಿಸಿದರೆ ಹತ್ತು ಅಡಿ ಉದ್ದದ ಮೇಜು, ಪಕ್ಕಕ್ಕೆ ಪಕ್ಕ ಕೂಡಿಸಿದರೆ ನಾಲ್ಕು ಅಡಿ ಅಗಲದ್ದು. ನಡುವೆ ಜಾಗ ಬಿಟ್ಟು ಮೇಲೆ ತಗಡು ಹಾಸಿದರೆ ಕೆಳಗಿನಿಂದಲೂ ಕೈ ಹಾಕಬಹುದು. ಕಾಲಿಗೆ ಬ್ರೇಕ್ ಇರುವ ಗಾಲಿ ಹಾಕಿ. ಎತ್ತರ ನಿಮ್ಮ ಸೊಂಟಕ್ಕಿಂತ ಕೆಳಗೆ ಬರುವುದು ಬೇಡ. ಬಗ್ಗಿ ಕೆಲಸ ಮಾಡಿದರೆ ಒಂದು ಗಂಟೆ ಅಂತ ಹೋದವರು ನಲವತ್ತು ನಿಮಿಷಕ್ಕೇ ಎದ್ದು ಬರುತ್ತೀರಿ.

ಡಿಂಪಲ್ ಅಂದರೆ ರಿವೆಟ್ಟಿನ ತಲೆ ತಗಡಿಗೆ ಸಮವಾಗಿ ಕೂರಲು ತೂತಿನ ಸುತ್ತ ಒತ್ತುವ ಸಣ್ಣ ಕುಳಿ. ಅದನ್ನು ಹೊಡೆಯುವ ಸಿ-ಫ್ರೇಮನ್ನು ಮೇಜಿನ ಮೇಲೆ ಸುಮ್ನೆ ಇಟ್ಟು ಕೆಲಸ ಮಾಡಬೇಡಿ. ಅದರ ಕೆಳಗಿನ ಡೈ, ಅಂದರೆ ಕುಳಿಯ ಅಚ್ಚು, ಎಷ್ಟು ಎತ್ತರಕ್ಕೆ ಬರುತ್ತದೋ ಸುತ್ತಲಿನ ಹಲಗೆಯೂ ಅಷ್ಟೇ ಎತ್ತರಕ್ಕೆ ಬರುವ ಹಾಗೆ ಒಂದು ಚೌಕಟ್ಟು ಮಾಡಿ. ಇಲ್ಲದಿದ್ದರೆ ದೊಡ್ಡ ತಗಡು ಒಂದು ಕಡೆ ಜೋತು, ತೂತಿನ ಸುತ್ತ ಬಾಗುತ್ತದೆ. ಬಾಗಿದ್ದು ಆಮೇಲೆ ಬಣ್ಣ ಬಳಿದಾಗ ದೂರದಿಂದಲೇ ಕಾಣುತ್ತದೆ.

ಇನ್ನೊಂದು ವಿಷಯವನ್ನು ಮೊದಲೇ ತಿಳಿದಿರಿ. ವರ್ಕ್‌ಶಾಪನ್ನು ಒಮ್ಮೆ ಜೋಡಿಸಿ ಮುಗಿಸಲು ಆಗುವುದಿಲ್ಲ. ಬಾಲ, ರೆಕ್ಕೆ, ಒಡಲು, ಆಮೇಲೆ ಎಂಜಿನ್ನು ಮತ್ತು ವೈರಿಂಗು. ಒಂದೊಂದು ಹಂತಕ್ಕೂ ಜಾಗದ ಲೆಕ್ಕ ಬೇರೆ. ಅದಕ್ಕೇ ಗಾಲಿ ಹಾಕಿ ಅಂದದ್ದು. ಡ್ರಿಲ್ ಪ್ರೆಸ್ಸು, ಬ್ಯಾಂಡ್ ಸಾ, ಗ್ರೈಂಡರು, ಉಪಕರಣದ ಪೆಟ್ಟಿಗೆ, ಎಲ್ಲಕ್ಕೂ ಗಾಲಿ ಇರಲಿ.

ಕಾರಿನ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ. ಬಾಲದ ಕೆಲಸಕ್ಕೆ ಗ್ಯಾರೇಜಿನ ಅರ್ಧ ಸಾಕು. ಈ ಚಳಿಗಾಲ ಒಂದು ಕಾರು ಧಾರಾಳವಾಗಿ ಒಳಗೆ ನಿಲ್ಲಬಹುದು. ರೆಕ್ಕೆಯ ಕಿಟ್ ಬಂದಮೇಲೆ ಎರಡೂ ಕಡೆ ಬೇಕಾಗುತ್ತದೆ. ಆದರೆ ಒಂದು ರೆಕ್ಕೆ ಮುಗಿದ ಕೂಡಲೇ ಮುಂಭಾಗದ ಅಂಚು ಕೆಳಗೆ ಬರುವ ಹಾಗೆ, ದಪ್ಪ ಬಟ್ಟೆಯ ಜೋಲಿ ಇರುವ ಮರದ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಎರಡು ರೆಕ್ಕೆ ಅಕ್ಕಪಕ್ಕ ನಿಂತರೆ ಸುಮಾರು ಐದು ಅಡಿ ಎತ್ತರ, ಗೋಡೆಯ ಉದ್ದಕ್ಕೆ ಹದಿಮೂರು ಅಡಿಯ ಒಳಗೆ ಮುಗಿಯುತ್ತದೆ. ಬಾಲದ ಭಾಗಗಳು ಹಗುರ. ಅವನ್ನು ಗ್ಯಾರೇಜಿನಲ್ಲಿ ಇಟ್ಟುಕೊಂಡು ದಿನಾ ಮೊಣಕೈ ತಾಗಿಸಬೇಡಿ. ಅತಿಥಿಗಳ ಕೋಣೆಯ ಗೋಡೆಗೆ ಮೆತ್ತೆ ಸುತ್ತಿದ ಕೊಕ್ಕೆ ಹಾಕಿ ತೂಗುಹಾಕಿ. ಯಾವ ವರ್ಷ, ಯಾವ ತಿಂಗಳಿನಿಂದ ಕಾರು ಹೊರಗೆ ಅನ್ನುವುದನ್ನು ನಿಮ್ಮ ಮನೆಯವರ ಜೊತೆ ಕೂತು ಈಗಲೇ ಮಾತಾಡಿ. ಹಿಮ ಬಿದ್ದ ಬೆಳಿಗ್ಗೆ ಕಾರಿನ ಗಾಜು ಕೆರೆಯುವವರು ಯಾರು ಅನ್ನುವುದೂ ಆ ಮಾತಿನಲ್ಲಿ ಬರಲಿ. ಮನೆಯವರ ಬೇಸರದ ಮೇಲೆ ಯಾವ ವಿಮಾನವೂ ಮುಗಿಯುವುದಿಲ್ಲ. ಅವರಿಗೂ ಕೈ ಹಾಕುವ ಮನಸ್ಸಿದ್ದರೆ ಬಕಿಂಗ್ ಬಾರ್, ಅಂದರೆ ರಿವೆಟ್ಟಿನ ಹಿಂದೆ ಒತ್ತಿ ಹಿಡಿಯುವ ಉಕ್ಕಿನ ಗಟ್ಟಿ, ಹಿಡಿಯಲು ಕೇಳಿ. ರಿವೆಟ್ ಹೊಡೆಯಲು ಬಹಳ ಕಡೆ ನಾಲ್ಕು ಕೈ ಬೇಕು.

ಬೆಳಕಿಗೆ ದುಡ್ಡು ಹಾಕಿ. ನಾಲ್ಕು ಅಡಿಯ ಎಲ್‌ಇಡಿ ಟ್ಯೂಬುಗಳು ಎರಡು ಸಾಲು ಇರಲಿ. ಒಂದೇ ಸಾಲಾದರೆ ನಿಮ್ಮ ನೆರಳೇ ಕೆಲಸದ ಮೇಲೆ ಬೀಳುತ್ತದೆ. ದೀಪದ ಸರ್ಕ್ಯೂಟು ಬೇರೆ, ಕಂಪ್ರೆಸರಿನ ಸರ್ಕ್ಯೂಟು ಬೇರೆ ಮಾಡಿಸಿ. ನೆಲಕ್ಕೆ ರಬ್ಬರ್ ಹಾಸು ಹಾಕಿದರೆ ಚಳಿಗಾಲದಲ್ಲಿ ಕಾಲಿಗೂ ಹಿತ, ಕೈತಪ್ಪಿ ಬಿದ್ದ ಭಾಗದ ಮೂಲೆಯೂ ಜಜ್ಜುವುದಿಲ್ಲ.

ಕಂಪ್ರೆಸರಿನ ಬಗ್ಗೆ ಎರಡು ಮಾತು. ಕೆಲಸ ಮುಗಿದ ಮೇಲೆ ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ನೀರು ಬಿಡಿ. ಡೇಟನ್ನಿನ ಬೇಸಿಗೆ ಸೆಕೆಗೆ ಎಷ್ಟು ನೀರು ಬರುತ್ತದೆ ಅಂತ ನಿಮಗೇ ಆಶ್ಚರ್ಯವಾಗುತ್ತದೆ. ಇನ್ನೊಂದು, ಗಾಳಿಯ ಹೋಸು ಎರಡು ಇಟ್ಟುಕೊಳ್ಳಿ. ರಿವೆಟ್ ಗನ್ನಿಗೂ ಗಾಳಿ ಡ್ರಿಲ್ಲಿಗೂ ದಿನಾ ಎರಡು ಹನಿ ಎಣ್ಣೆ ಬಿಡಬೇಕು, ಆ ಎಣ್ಣೆ ಹೋಸಿನೊಳಗೂ ಸೇರುತ್ತದೆ. ಅದೇ ಹೋಸಿನಿಂದ ಪ್ರೈಮರ್, ಅಂದರೆ ತಗಡು ಕೆಡದ ಹಾಗೆ ಹಚ್ಚುವ ಮೊದಲ ಬಣ್ಣ, ಹೊಡೆದರೆ ತಗಡಿನ ಮೇಲೆ ಮೀನಿನ ಕಣ್ಣಿನಂಥ ಕಲೆಗಳು ಏಳುತ್ತವೆ. ಪ್ರೈಮರಿನ ಹೋಸಿಗೆ ಬೇರೆ ಬಣ್ಣದ ಟೇಪು ಸುತ್ತಿ, ಅದಕ್ಕೆ ಎಣ್ಣೆ ಹಾಕಿದ ಯಾವ ಉಪಕರಣವನ್ನೂ ಸಿಕ್ಕಿಸಬೇಡಿ.

ಇನ್ನು ಹುಡುಕಾಟ. ಬಹಳ ಮಂದಿ ಉಪಕರಣಗಳನ್ನು ಜಾತಿಯ ಪ್ರಕಾರ ಇಡುತ್ತಾರೆ. ಇಕ್ಕಳಗಳೆಲ್ಲ ಒಂದು ಕಡೆ, ಅರಗಳೆಲ್ಲ ಒಂದು ಕಡೆ, ಬಿಟ್‌ಗಳೆಲ್ಲ ಇನ್ನೊಂದು ಕಡೆ. ಗೋಡೆಯ ಮೇಲೆ ಚೆಂದ ಕಾಣುತ್ತದೆ, ಕೆಲಸಕ್ಕೆ ತೊಂದರೆ. ಆರ್‌ವಿಯ ಕೆಲಸಕ್ಕೆ ಒಂದು ಸುತ್ತು ಇದೆ. ಭಾಗಗಳನ್ನು ಕ್ಲೀಕೋ (ತೂತಿಗೆ ಸಿಕ್ಕಿಸಿ ತಾತ್ಕಾಲಿಕವಾಗಿ ಹಿಡಿಸುವ ಸ್ಪ್ರಿಂಗ್ ಪಿನ್ನು) ಹಾಕಿ ಜೋಡಿಸು, ತೂತು ಸರಿಯಾದ ಅಳತೆಗೆ ಕೊರೆ, ಬಿಚ್ಚು, ತೂತಿನ ಅಂಚಿನ ಮುಳ್ಳು ತೆಗೆ, ಡಿಂಪಲ್ ಹೊಡೆ, ಪ್ರೈಮರ್ ಹಚ್ಚು, ಮತ್ತೆ ಜೋಡಿಸು, ರಿವೆಟ್ ಹೊಡೆ. ಇದೇ ಸುತ್ತು, ಬೇರೆ ಬೇರೆ ಭಾಗಕ್ಕೆ ಮತ್ತೆ ಮತ್ತೆ. ಹಾಗಾದರೆ ಉಪಕರಣವನ್ನೂ ಈ ಸುತ್ತಿನ ಪ್ರಕಾರವೇ ಟ್ರೇಗಳಲ್ಲಿಡಿ. ಕೊರೆಯುವ ಟ್ರೇಯಲ್ಲಿ ಡ್ರಿಲ್ಲು, 30 ಮತ್ತು 40ನೇ ನಂಬರ್ ಬಿಟ್, ಕಣ್ಣಿನ ಕನ್ನಡಕ, ಕ್ಲೀಕೋ ಇಕ್ಕಳ. ಮುಳ್ಳು ತೆಗೆಯುವ ಟ್ರೇಯಲ್ಲಿ ಡಿಬರ್ ಕಟ್ಟರು, ಅಂಚು ನಯ ಮಾಡುವ ಉಪಕರಣ, ಸ್ಕಾಚ್-ಬ್ರೈಟ್ ತುಂಡು. ರಿವೆಟ್ ಟ್ರೇಯಲ್ಲಿ ಗನ್ನಿನ ಸೆಟ್ಟುಗಳು, ಬಕಿಂಗ್ ಬಾರು, ತಲೆಯ ಅಳತೆ ನೋಡುವ ಗೇಜು, ಟೇಪು. ಕ್ಲೀಕೋ ಇಕ್ಕಳ ಎರಡು ಟ್ರೇಗೂ ಬೇಕಾದರೆ ಎರಡು ತನ್ನಿ. ಅದರ ಬೆಲೆಗಿಂತ ನಿಮ್ಮ ರಾತ್ರಿಯ ಹೊತ್ತು ದೊಡ್ಡದು. ಇವತ್ತು ಯಾವ ಕೆಲಸವೋ ಆ ಟ್ರೇ ಎಳೆದು ಬೆಂಚಿನ ಮೇಲಿಟ್ಟರೆ ಆಯಿತು, ಐದು ನಿಮಿಷವೂ ಬೇಡ.

ಕ್ಲೀಕೋಗಳಿಗೆ ಬಣ್ಣವೇ ಗುರುತು. ಬೆಳ್ಳಿ ಬಣ್ಣದ್ದು 3/32 ಇಂಚು, ತಾಮ್ರದ ಬಣ್ಣದ್ದು 1/8, ಕಪ್ಪು 5/32, ಹಿತ್ತಾಳೆ ಬಣ್ಣದ್ದು 3/16. ಬೇರೆ ಬೇರೆ ಡಬ್ಬದಲ್ಲಿಟ್ಟರೆ ಸಾಕು. ಬಿಟ್‌ಗಳಿಗೆ ಹಾಗಲ್ಲ. 40 ಮತ್ತು 41ನೇ ನಂಬರ್ ಬಿಟ್‌ಗಳ ವ್ಯತ್ಯಾಸ ಇಂಚಿನ ಸಾವಿರದಲ್ಲಿ ಎರಡು ಭಾಗ. ಬರಿಗಣ್ಣಿಗೆ ಕಾಣುವುದೇ ಇಲ್ಲ. ನಂಬರ್ ಬರೆದ ತೂತಿನ ಕಟ್ಟಿಗೆಯಲ್ಲಿ ನಿಲ್ಲಿಸಿ. ಬೆಂಚಿನ ಮೇಲೆ ಬಿದ್ದಿರುವ ಬಿಟ್‌ನ ನಂಬರ್ ಗೊತ್ತಿಲ್ಲದಿದ್ದರೆ ಅಳೆದು ನೋಡಿ, ಅಂದಾಜಿನ ಮೇಲೆ ಡ್ರಿಲ್ಲಿಗೆ ಹಾಕಬೇಡಿ.

ನಿಮ್ಮ ತಗಡಿನ ಗೀರಿಗೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕಸ ಗುಡಿಸುವುದನ್ನು ಬಹಳ ಮಂದಿ ಬರೀ ಶಿಸ್ತಿನ ವಿಷಯ ಅಂದುಕೊಳ್ಳುತ್ತಾರೆ. ನಿಮ್ಮ ತಗಡು 2024-ಟಿ3 ಅಲ್‌ಕ್ಲಾಡ್. ಗಟ್ಟಿಯಾದ ಮಿಶ್ರಲೋಹದ ಎರಡೂ ಮುಖಕ್ಕೆ ಶುದ್ಧ ಅಲ್ಯುಮಿನಿಯಂನ ತೆಳುವಾದ ಪದರ ಇರುತ್ತದೆ. ಒಳಗಿನ ಮಿಶ್ರಲೋಹದಲ್ಲಿ ತಾಮ್ರ ಇರುವುದರಿಂದ ಅದಕ್ಕೆ ಶಕ್ತಿ ಬರುತ್ತದೆ, ಆದರೆ ತೇವಕ್ಕೆ ಬೇಗ ಕೆಡುತ್ತದೆ. ಮೇಲಿನ ಪದರ ಅದನ್ನು ಕಾಯುತ್ತದೆ. ಗೀರು ಆ ಪದರವನ್ನು ದಾಟಿತೋ, ಕಾವಲು ಹೋಯಿತು. ಉಗುರನ್ನು ಗೀರಿಗೆ ಅಡ್ಡವಾಗಿ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ನಯವಾದ ಪ್ಯಾಡಿನಿಂದ ಹಗುರವಾಗಿ ಉಜ್ಜಿ ಪ್ರೈಮರ್ ಹಚ್ಚಿದರೆ ಸಾಮಾನ್ಯವಾಗಿ ಮುಗಿಯುತ್ತದೆ. ಸಿಕ್ಕಿಕೊಂಡರೆ ನೀವೇ ತೀರ್ಮಾನ ಮಾಡಬೇಡಿ, ಅನುಭವಿಗಳಿಗೆ ತೋರಿಸಿ.

ಗೀರು ಎಲ್ಲಿಂದ ಬಂತು? ಬೆಂಚಿನ ಮೇಲಿನ ಚೂರಿನಿಂದ. ಒಂದು ತೂತು ಕೊರೆದರೆ ಕೂದಲಿನಷ್ಟು ತೆಳ್ಳಗಿನ, ಸುರುಳಿ ಸುತ್ತಿದ ಚೂರು ಬರುತ್ತದೆ. ಒಂದು ತಗಡಿನಲ್ಲಿ ಇಂಥ ತೂತು ನೂರಾರು. ಅದರ ಮೇಲೆ ಮತ್ತೊಂದು ತಗಡು ಎಳೆದರೆ ಗೀರು ಗ್ಯಾರಂಟಿ. ಇದಕ್ಕಿಂತ ಕೆಟ್ಟದ್ದು ಡಿಂಪಲ್ ಡೈನಲ್ಲಿ ನಡೆಯುತ್ತದೆ. ಸಾಸಿವೆಗಿಂತ ಸಣ್ಣ ಚೂರೊಂದು ಹೆಣ್ಣು ಡೈನ ಅಂಚಿಗೆ ಅಂಟಿಕೊಂಡಿರುತ್ತದೆ. ನೀವು ನೋಡುವುದಿಲ್ಲ. ಸುತ್ತಿಗೆಯ ಏಟು ಬಿದ್ದಾಗ ಅದು ತೂತಿನ ಪಕ್ಕದಲ್ಲೇ ತಗಡಿನೊಳಕ್ಕೆ ಅಚ್ಚು ಒತ್ತುತ್ತದೆ. ಮುಂದಿನ ತೂತಿಗೆ ಹೋದಿರಿ, ಅಲ್ಲೂ ಅಚ್ಚು. ಸಾಲು ಮುಗಿಸಿ ತಗಡನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಪ್ರತಿ ಡಿಂಪಲ್ಲಿನ ಪಕ್ಕದಲ್ಲೂ, ಅದೇ ದಿಕ್ಕಿನಲ್ಲಿ, ಅದೇ ಆಕಾರದ ಚುಕ್ಕೆ. ಬೇರೆ ಬೇರೆಯವರ ಗ್ಯಾರೇಜಿನಲ್ಲಿ ಇದನ್ನು ನೋಡಿ ಹೊಟ್ಟೆ ಉರಿದಿದೆ. ಡಿಂಪಲ್ ಶುರು ಮಾಡುವ ಮುಂಚೆ ಎರಡೂ ಡೈ ಒರೆಸಿ, ನಡುನಡುವೆ ಬೆರಳಿನಿಂದ ಮುಟ್ಟಿ ನೋಡಿ. ಮೇಜಿಗೆ ಕಾರ್ಪೆಟ್ ಹಾಕಿದ್ದರೆ ಇನ್ನೂ ಜಾಗ್ರತೆ ಬೇಕು, ಅದರ ನೂಲಿನ ನಡುವೆ ಚೂರು ಅಡಗಿರುತ್ತದೆ. ಕೊರೆಯುವ ಮೇಜಿಗೆ ಕಾರ್ಪೆಟ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಎರಡು ಮೇಜಿದ್ದರೆ ಒಂದು ಕೊರೆಯಲು, ಇನ್ನೊಂದು ಕಾರ್ಪೆಟ್ ಹಾಕಿ ಜೋಡಿಸಲು.

ಚೂರನ್ನು ಗಾಳಿ ಊದಿ ತೆಗೆಯಬೇಡಿ. ಅದು ಹೋಗಿ ಇನ್ನೊಂದು ಭಾಗದ ಮೇಲೆ ಕೂರುತ್ತದೆ, ಕಣ್ಣಿಗೂ ಬೀಳುತ್ತದೆ. ವ್ಯಾಕ್ಯೂಮ್ ಬಳಸಿ. ಕಬ್ಬಿಣ ಉಜ್ಜಿದ ಅರ, ಬ್ರಶ್ಶು, ಸ್ಕಾಚ್-ಬ್ರೈಟ್ ಅಲ್ಯುಮಿನಿಯಂಗೆ ತಾಗಬಾರದು. ಕಬ್ಬಿಣದ ಕಣ ಒಳಗೆ ಹೊಕ್ಕರೆ ಅಲ್ಲಿಂದಲೇ ಕೆಡಲು ಶುರುವಾಗುತ್ತದೆ. ಅರಗಳ ಹಿಡಿಗೆ ಎರಡು ಬಣ್ಣ ಹಚ್ಚಿ ಬೇರೆ ಮಾಡಿ. ಸಾಮಾನ್ಯ ಗ್ರೈಂಡರಿನ ಕಲ್ಲಿಗೆ ಅಲ್ಯುಮಿನಿಯಂ ಹಿಡಿಯಲೇಬೇಡಿ. ಮೆತ್ತಗಿನ ಲೋಹ ಕಲ್ಲಿನ ರಂಧ್ರಗಳಿಗೆ ತುಂಬಿಕೊಂಡು, ಬಿಸಿ ಏರಿ, ಕಲ್ಲು ಒಡೆದು ಸಿಡಿಯಬಹುದು. ಅಂಚಿಗೆ ಸ್ಕಾಚ್-ಬ್ರೈಟ್ ಚಕ್ರ ಇದೆ. ಗುರುತು ಹಾಕಲು ಪೆನ್ಸಿಲ್ ಬೇಡ, ಮಾರ್ಕರ್ ಬಳಸಿ. ಪೆನ್ಸಿಲ್ಲಿನ ಸೀಸದಲ್ಲಿರುವ ಗ್ರಾಫೈಟು ಅಲ್ಯುಮಿನಿಯಂ ಅನ್ನು ತಿನ್ನುತ್ತದೆ.

ತಗಡಿನ ಮೇಲಿನ ನೀಲಿ ಪ್ಲಾಸ್ಟಿಕ್ ಹಾಳೆ ಗೀರಿಗೆ ಒಳ್ಳೆಯ ರಕ್ಷಣೆ, ನಿಜ. ಆದರೆ ವರ್ಷಗಟ್ಟಲೆ ಬಿಟ್ಟರೆ ಕೀಳಲು ಬರುವುದಿಲ್ಲ, ಕೆಳಗೆ ತೇವವೂ ನಿಲ್ಲಬಹುದು. ತಗಡುಗಳನ್ನು ಸಿಮೆಂಟಿನ ನೆಲಕ್ಕೆ ತಾಗಿಸಿ ಇಡಬೇಡಿ. ಕಿಟ್ ಬಂದ ಪೆಟ್ಟಿಗೆಯ ಮರದಿಂದಲೇ ಒಂದು ಗೂಡು ಮಾಡಿ, ನಡುವೆ ರಟ್ಟು ಕೊಟ್ಟು, ಅಂಚಿನ ಮೇಲೆ ನಿಲ್ಲಿಸಿ.

ಈಗ ಬೆರೆತ ರಿವೆಟ್. ಆರ್‌ವಿ-7ಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ರಿವೆಟ್ ಬೇಕು. ಹಾಗಾಗಿ ಇದನ್ನು ಈಗಲೇ ಸರಿಮಾಡಿಕೊಳ್ಳಿ. ಹೆಸರು ಓದುವುದು ಕಷ್ಟವಲ್ಲ. ಎಎನ್426 ಅಂದರೆ ತಗಡಿಗೆ ಸಮವಾಗಿ ಕೂರುವ ತಲೆ, ಎಎನ್470 ಅಂದರೆ ಉಬ್ಬಿದ ತಲೆ. ಎಡಿ ಅನ್ನುವುದು ಲೋಹ, ತಲೆಯ ನಡುವೆ ಸಣ್ಣ ಕುಳಿ ಇರುತ್ತದೆ. ಆಮೇಲಿನ ಅಂಕಿ ದಪ್ಪ, ಇಂಚಿನ 32ನೇ ಭಾಗದಲ್ಲಿ. ಕೊನೆಯದು ಉದ್ದ, 16ನೇ ಭಾಗದಲ್ಲಿ. ಎಎನ್470ಎಡಿ4-6 ಅಂದರೆ 1/8 ಇಂಚು ದಪ್ಪ, 3/8 ಇಂಚು ಉದ್ದ. ಬೆರೆತ ರಾಶಿಯನ್ನು ಒಂದು ಸಂಜೆ ಅಳೆದು ಬೇರೆ ಮಾಡಿ. ಕೊನೆಗೆ ಉಳಿಯುವ ಅನುಮಾನದ ಹಿಡಿಯನ್ನು ಎಸೆದುಬಿಡಿ. ರಿವೆಟ್ ಅಗ್ಗ, ಕೊರೆದು ತೆಗೆಯುವ ಕೆಲಸ ದುಬಾರಿ. ನೆಲಕ್ಕೆ ಬಿದ್ದ ರಿವೆಟ್ಟಿಗೂ ಇದೇ ನಿಯಮ.

ಚಿಕ್ಕ ಗೂಡುಗಳ ಪೆಟ್ಟಿಗೆ ತನ್ನಿ, ಮುಚ್ಚಳ ಪ್ರತಿ ಗೂಡಿನ ಅಂಚಿಗೂ ಒತ್ತಿ ಕೂರಬೇಕು. ಇಲ್ಲದಿದ್ದರೆ ಕೈಜಾರಿದ ಒಗ್ಗರಣೆ ಡಬ್ಬಿಯ ಹಾಗೆ ಎಲ್ಲ ಒಂದಾಗುತ್ತದೆ. ಗೂಡಿನ ಮುಂದೆ ಪೂರ್ತಿ ನಂಬರ್ ಬರೆಯಿರಿ, ‘ಸಣ್ಣ ರಿವೆಟ್’ ಅಂತ ಬರೆದರೆ ಏನೂ ಬರೆಯದ ಹಾಗೇ. ಬೆಂಚಿಗೆ ಆ ಹೊತ್ತಿಗೆ ಬೇಕಾದ ಒಂದೇ ಅಳತೆಯ ರಿವೆಟ್ಟನ್ನು ಬಟ್ಟಲಿಗೆ ಹಾಕಿ ತನ್ನಿ. ಬೆಂಚಿನ ಮೇಲೆ ಒಂದು ಹೊತ್ತಿಗೆ ಎರಡು ಉದ್ದದ ರಿವೆಟ್ ಬೇಡ.

ಬೋಲ್ಟು, ನಟ್ಟಿಗೆ ಇದಕ್ಕಿಂತ ಬಿಗಿ ಬೇಕು. ಎಎನ್365 ನಟ್ಟು ದಪ್ಪ, ಎಎನ್364 ತೆಳ್ಳಗೆ. ತೆಳ್ಳಗಿನದು ಅಡ್ಡ ಹೊರೆ ಹೊರುವ ಜಾಗಕ್ಕೆ ಮಾತ್ರ. ಎಳೆತ ಇರುವ ಕಡೆ ಅದನ್ನು ಹಾಕಿದರೆ ಅಪಾಯ. ಅಕ್ಕಪಕ್ಕದ ಗೂಡಿನಲ್ಲಿ ಇವೆರಡನ್ನೂ ಇಡಬೇಡಿ. ಹಾರ್ಡ್‌ವೇರ್ ಅಂಗಡಿಯ ಬೋಲ್ಟು ವಿಮಾನದ ಬೋಲ್ಟಿನ ಕಪಾಟಿನ ಹತ್ತಿರವೂ ಬರಬಾರದು. ಎಎನ್ ಬೋಲ್ಟಿನ ತಲೆಯ ಮೇಲೆ ಅಡ್ಡಗೆರೆಯ ನಕ್ಷತ್ರದಂಥ ಗುರುತು ಇರುತ್ತದೆ. ಟಾರ್ಕ್ ಆದ, ಅಂದರೆ ಅಳತೆಗೆ ಸರಿಯಾಗಿ ಬಿಗಿಸಿದ, ನಟ್ಟಿನ ಮೇಲೆ ಬಣ್ಣದ ಗೆರೆ ಎಳೆಯಿರಿ. ಗೆರೆ ಇಲ್ಲ ಅಂದರೆ ಕೆಲಸ ಆಗಿಲ್ಲ ಅಂತಲೇ ಅರ್ಥ, ‘ಟಾರ್ಕ್ ಮಾಡಿದ್ದೆ ಅನ್ನಿಸುತ್ತೆ’ ಅನ್ನುವ ಮಾತೇ ಬೇಡ.

ಕೆಟ್ಟ ಭಾಗಗಳ ವಿಷಯವನ್ನು ಯಾರೂ ಹೇಳುವುದಿಲ್ಲ. ತಪ್ಪಾಗಿ ಕೊರೆದ ರಿಬ್ಬು, ಅಂದರೆ ರೆಕ್ಕೆಯೊಳಗಿನ ಪಕ್ಕೆಲುಬಿನಂಥ ಭಾಗ, ನೋಡಲು ಒಳ್ಳೆಯ ರಿಬ್ಬಿನ ಹಾಗೇ ಇರುತ್ತದೆ. ಆರು ತಿಂಗಳು ಬಿಟ್ಟು ನಿಮ್ಮ ಕೈಯೇ ಅದನ್ನು ಎತ್ತಿಕೊಳ್ಳುತ್ತದೆ. ಕೆಟ್ಟಿತು ಅಂತ ತೀರ್ಮಾನವಾದ ಕ್ಷಣವೇ ಕೆಂಪು ಮಾರ್ಕರಿನಿಂದ ದೊಡ್ಡ ಅಡ್ಡಗೆರೆ ಹಾಕಿ, ಒಂದು ಮೂಲೆ ಕತ್ತರಿಸಿ, ಗುಜರಿ ಡಬ್ಬಕ್ಕೆ ಹಾಕಿ. ರಿವೆಟ್ ಅಭ್ಯಾಸಕ್ಕೆ ಅದು ಚೆನ್ನಾಗಿ ಬರುತ್ತದೆ.

ರಾಸಾಯನಿಕದ ಬಗ್ಗೆ ನಾನು ಕಟ್ಟುನಿಟ್ಟು. ಗ್ಯಾರೇಜಿನಲ್ಲಿ ಗ್ಯಾಸಿನ ವಾಟರ್ ಹೀಟರ್ ಇದೆಯಾ ನೋಡಿ. ತಗಡು ಒರೆಸುವ ಅಸಿಟೋನ್, ಎಂಇಕೆ ದ್ರಾವಕಗಳ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಹೋಗಿ ಆ ಸಣ್ಣ ಉರಿಗೆ ಮುಟ್ಟಿದರೆ ಬೆಂಕಿ ನಿಮ್ಮ ಕಡೆಗೇ ಬರುತ್ತದೆ. ಪ್ರೈಮರ್ ಸ್ಪ್ರೇ ಬಾಗಿಲು ತೆರೆದು, ಉರಿ ಆರಿಸಿ, ಸರಿಯಾದ ಮಾಸ್ಕ್ ಹಾಕಿಕೊಂಡೇ ಮಾಡಿ. ಐಸೊಸೈನೇಟ್ ಅನ್ನುವ, ಉಸಿರಿಗೆ ಅಪಾಯದ ರಾಸಾಯನಿಕ ಇರುವ ಬಣ್ಣಗಳಿಗೆ ಸಾಮಾನ್ಯ ಮಾಸ್ಕ್ ಸಾಲದು, ಹೊರಗಿನ ಶುದ್ಧ ಗಾಳಿ ಕೊಡುವ ಏರ್ಪಾಡು ಬೇಕು. ಅದು ಇಲ್ಲದಿದ್ದರೆ ಅಂಥ ಬಣ್ಣದ ಕೆಲಸ ಹೊರಗೆ ಕೊಡಿ. ಬೆಂಕಿ ಆರಿಸುವ ಸಿಲಿಂಡರ್ ಹೊರಹೋಗುವ ಬಾಗಿಲ ಪಕ್ಕದಲ್ಲಿರಲಿ, ಒಳಮೂಲೆಯಲ್ಲಲ್ಲ. ಮಕ್ಕಳಿದ್ದರೆ ಕಪಾಟಿಗೆ ಬೀಗ.

ಇಂಧನ ಟ್ಯಾಂಕಿಗೆ ಹಚ್ಚುವ ಸೀಲೆಂಟು, ಎಲ್ಲರೂ ಪ್ರೋಸೀಲ್ ಅನ್ನುವುದು, ತೂಕದ ಲೆಕ್ಕದಲ್ಲಿ ಕಲಸಬೇಕು. ಚಳಿಗೆ ಅದು ಗಟ್ಟಿಯಾಗುವುದು ತುಂಬ ನಿಧಾನ. ಟ್ಯಾಂಕಿನ ಕೆಲಸವನ್ನು ಒಹಾಯೋದ ಜನವರಿಗೆ ಇಟ್ಟುಕೊಳ್ಳಬೇಡಿ, ಅಥವಾ ಗ್ಯಾರೇಜಿಗೆ ಸರಿಯಾದ ಹೀಟರ್ ಹಾಕಿಸಿ. ಚಿಮಣಿ ಇಲ್ಲದ ಸೀಮೆಎಣ್ಣೆ, ಪ್ರೊಪೇನ್ ಹೀಟರ್ ಬೇಡ. ಉರಿಯ ಜೊತೆಗೆ ನೀರಿನ ಆವಿಯನ್ನೂ ಬಿಡುತ್ತದೆ, ತಣ್ಣಗಿನ ಉಪಕರಣದ ಮೇಲೆ ಅದು ಕೂತು ತುಕ್ಕು ಹಿಡಿಯುತ್ತದೆ.

ಇದೆಲ್ಲ ತಗಡಿನ ವಿಮಾನದ ಮಾತು. ಅಮೆರಿಕದ ವಿಮಾನ ವಿನ್ಯಾಸಕಾರ ಬರ್ಟ್ ರುಟಾನ್ ಅವರ ಲಾಂಗ್-ಈಝಡ್ ತರದ ಫೋಮು-ಫೈಬರ್ ವಿಮಾನಕ್ಕೆ ವರ್ಕ್‌ಶಾಪಿನ ಲೆಕ್ಕವೇ ಬೇರೆ, ಅಲ್ಲಿ ತಾಪಮಾನ ಮತ್ತು ಧೂಳೇ ಮುಖ್ಯ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1980ರ ದಶಕದಲ್ಲಿ ಅದೇ ವಿನ್ಯಾಸದ ಮೇಲೆ ಒಂದು ಸಂಶೋಧನಾ ವಿಮಾನ ಕಟ್ಟಿ ಹಾರಿಸಿತ್ತು. ಅದರ ಬಗ್ಗೆ ಕುತೂಹಲ ಇರುವವರು ಬೇರೆಯಾಗಿ ಕೇಳಿದರೆ ಬರೆಯುತ್ತೇನೆ.

ದಿನದ ಕೆಲಸ ಮುಗಿಸುವುದಕ್ಕೂ ಒಂದು ಕ್ರಮ ಇರಲಿ. ಕೊನೆಯ ಹತ್ತು ನಿಮಿಷ ಕೆಲಸ ನಿಲ್ಲಿಸಿ. ಎಷ್ಟೇ ಚೆನ್ನಾಗಿ ಸಾಗುತ್ತಿದ್ದರೂ ನಿಲ್ಲಿಸಿ. ಟ್ರೇಗೆ ಉಪಕರಣ, ಬೆಂಚಿಗೆ ವ್ಯಾಕ್ಯೂಮ್. ಮ್ಯಾನುಯಲ್ಲಿನಲ್ಲಿ ಮುಗಿದ ಸಾಲಿನ ಪಕ್ಕದಲ್ಲಿ ತಾರೀಕು, ನಿಮ್ಮ ಸಹಿ. ಅರ್ಧ ಆದ ಸಾಲಿಗೆ ಸಹಿ ಹಾಕಬೇಡಿ. ಎರಡು ಫೋಟೋ ತೆಗೆಯಿರಿ, ಒಂದರಲ್ಲಾದರೂ ನೀವೇ ಕೆಲಸ ಮಾಡುತ್ತಿರುವುದು ಕಾಣಲಿ. ಇದು ಸುಮ್ನೆ ನೆನಪಿಗಲ್ಲ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮದ ಪ್ರಕಾರ ವಿಮಾನದ ಹೆಚ್ಚಿನ ಪಾಲನ್ನು ಕಲಿಕೆಗೆ ಅಥವಾ ಹವ್ಯಾಸಕ್ಕೆ ಅಂತ ಹವ್ಯಾಸಿಗಳೇ ಕಟ್ಟಿರಬೇಕು, ಜನ ಇದನ್ನು 51 ಪರ್ಸೆಂಟ್ ನಿಯಮ ಅನ್ನುತ್ತಾರೆ. ಕೊನೆಗೆ ತಪಾಸಣೆಗೆ ಬರುವವರಿಗೆ ಈ ದಾಖಲೆಯೇ ಸಾಕ್ಷಿ. ಮುಂದೆ ನಿಮ್ಮ ವಿಮಾನದ ವಾರ್ಷಿಕ ತಪಾಸಣೆ ನೀವೇ ಮಾಡುವ ರಿಪೇರ್‌ಮನ್ ಸರ್ಟಿಫಿಕೇಟಿಗೂ ಇದೇ ಆಧಾರ.

ಆಮೇಲೆ ಒಂದು ಚೀಟಿ ಬರೆದು ಬೆಂಚಿನ ನಡುವೆ ಇಡಿ: ನಾಳೆ ಮೊದಲು ಏನು. ‘ಎಡ ಎಲಿವೇಟರ್, ಕೆಳಗಿನ ಸಾಲು, ಡಿಂಪಲ್, ಬಾಲದ ಕಡೆಯಿಂದ ಶುರು’ ಅಂತ ಬರೆದಿದ್ದರೆ ಮಾರನೇ ದಿನ ದಣಿದು ಬಂದರೂ ಯೋಚನೆ ಮಾಡುವ ಕೆಲಸ ಇರುವುದಿಲ್ಲ. ವಾರಗಟ್ಟಲೆ ಪ್ರವಾಸ ಹೋಗಿ ಬಂದಮೇಲೆ ಈ ಚೀಟಿಯ ಬೆಲೆ ಇನ್ನೂ ಗೊತ್ತಾಗುತ್ತದೆ.

ರೆಕ್ಕೆಯ ಕೆಳಗಿನ ತಗಡು ಮುಚ್ಚುವ ದಿನ ಮಾತ್ರ ಅವಸರವೇ ಬೇಡ. ಆ ದಿನ ರಿವೆಟ್ ಶುರು ಮಾಡುವ ಮುಂಚೆ ಟ್ರೇಗಳ ಉಪಕರಣ ಎಣಿಸಿ. ಒಂದು ಬಕಿಂಗ್ ಬಾರು ಕಮ್ಮಿ ಇದ್ದರೆ ಅದು ಸಿಗುವವರೆಗೆ ಮುಂದೆ ಹೋಗಬೇಡಿ. ಪ್ರತಿ ಕೋಣೆಗೂ ವ್ಯಾಕ್ಯೂಮ್, ಟಾರ್ಚು, ಕನ್ನಡಿ. ರೆಕ್ಕೆಯನ್ನು ಓರೆ ಮಾಡಿ ಕೈಯಿಂದ ತಟ್ಟಿ ಕಿವಿಗೊಟ್ಟು ಕೇಳಿ. ಒಳಗೆ ಉರುಳುವ ಒಂದು ರಿವೆಟ್ ಕೂಡ ಮುಂದೆ ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ) ನಡೆಸುವ ಸಲಾಕೆಗೆ ಸಿಕ್ಕಿಕೊಳ್ಳಬಹುದು.

ವರ್ಷಕ್ಕೊಮ್ಮೆ ದೊಡ್ಡ ನಿಗಾ ಬೇಕು. ಅದಕ್ಕೆ ನಮ್ಮಲ್ಲೇ ದಿನ ಇದೆ, ಆಯುಧಪೂಜೆ. ಒಹಾಯೋದಲ್ಲಿ ಅದು ಚಳಿಗೆ ಸ್ವಲ್ಪ ಮುಂಚೆ ಬರುವುದರಿಂದ ತುಂಬ ಅನುಕೂಲ. ಹಿಂದಿನ ವಾರಾಂತ್ಯ ಎಲ್ಲ ಟ್ರೇ ಖಾಲಿ ಮಾಡಿ ತೊಳೆಯಿರಿ. ಮೊಂಡಾದ ಬಿಟ್ ಎಸೆಯಿರಿ. ಟಾರ್ಕ್ ರೆಂಚನ್ನು ಅಳತೆ ಪರೀಕ್ಷೆಗೆ ಕಳಿಸಿ, ಉಳಿದ ದಿನಗಳಲ್ಲಿ ಅದನ್ನು ಕನಿಷ್ಠ ಅಂಕಿಗೆ ಇಳಿಸಿಯೇ ಇಡಿ. ಸೀಲೆಂಟು, ಪ್ರೈಮರಿನ ಅವಧಿ ಮುಗಿದಿದೆಯಾ ನೋಡಿ. ಹೋಸು ಬಿರುಕು ಬಿಟ್ಟಿದೆಯಾ, ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಪೂಜೆಯ ದಿನ ಅರಿಶಿನ ಕುಂಕುಮವನ್ನು ಪೆಟ್ಟಿಗೆಗೆ ಹಚ್ಚಿ, ಡೈಗಳ ಮುಖಕ್ಕೆ ಬೇಡ. ಒದ್ದೆ ಅರಿಶಿನ ಉಕ್ಕಿನ ಮೇಲೆ ಉಳಿದರೆ ಅಲ್ಲೇ ತುಕ್ಕು ಹಿಡಿಯುತ್ತದೆ.

ಇಎಎಯ ಟೆಕ್ನಿಕಲ್ ಕೌನ್ಸಿಲರ್‌ಗಳು ದುಡ್ಡು ತೆಗೆದುಕೊಳ್ಳದೆ ಮನೆಗೆ ಬಂದು ಕೆಲಸ ನೋಡುತ್ತಾರೆ. ನಿಮ್ಮ ಹತ್ತಿರದ ಶಾಖೆಯಲ್ಲಿ ಕೇಳಿ, ಈ ತಿಂಗಳೇ ಒಬ್ಬರನ್ನು ಕರೆಯಿರಿ. ಗೀರನ್ನೂ ಅವರಿಗೇ ತೋರಿಸಿ. ಗ್ಯಾರೇಜು ಓರಣವಾದ ಮೇಲೆ ಕರೆಯೋಣ ಅಂತ ಕಾಯಬೇಡಿ.

ಕೊನೆಯದಾಗಿ ಹ್ಯಾಂಗರ್. ಈಗಲೇ ಬೇಡ. ಮನೆಯಿಂದ ಹೋಗಿ ಬರಲು ಒಂದು ಗಂಟೆ ಹಿಡಿದರೆ ನಿಮ್ಮ ರಾತ್ರಿಯ ಒಂದು ಗಂಟೆ ರಸ್ತೆಗೇ ಹೋಯಿತು, ಅಲ್ವಾ? ಒಡಲು ತನ್ನ ಚಕ್ರದ ಮೇಲೆ ನಿಂತು, ಎಂಜಿನ್ ಕೂತು, ವೈರಿಂಗ್ ಮುಗಿಯುವವರೆಗೂ ಗ್ಯಾರೇಜೇ ಸಾಕು. ಹದಿನಾರು ಅಡಿಯ ಬಾಗಿಲಿನಿಂದ ಒಡಲು ಆರಾಮವಾಗಿ ಹೊರಬರುತ್ತದೆ, ರೆಕ್ಕೆ ಬೇರೆ ಗಾಡಿಯಲ್ಲಿ ಹೋಗುತ್ತದೆ. ರೆಕ್ಕೆ ಕೂಡಿಸುವುದು, ತೂಕ ಮಾಡುವುದು, ಎಂಜಿನ್ ಓಡಿಸಿ ನೋಡುವುದು, ಎಫ್‌ಎಎ ತಪಾಸಣೆ, ಇವಕ್ಕೆ ಹ್ಯಾಂಗರ್ ಬೇಕು. ಆದರೆ ಹಲವು ಏರ್‌ಪೋರ್ಟುಗಳಲ್ಲಿ ಹ್ಯಾಂಗರಿಗೆ ವರ್ಷಗಟ್ಟಲೆ ಸರದಿ ಇರುತ್ತದೆ. ಬಾಡಿಗೆ ಈಗ ಕಟ್ಟಬೇಡಿ, ಸರದಿಯ ಪಟ್ಟಿಗೆ ಮಾತ್ರ ಈ ವಾರವೇ ಹೆಸರು ಕೊಡಿ. ಪಟ್ಟಿಗೆ ಸೇರಿಸುವಾಗ ಅಲ್ಲಿ ಕಟ್ಟುವ ಕೆಲಸಕ್ಕೆ ಅನುಮತಿ ಇದೆಯಾ, ಕರೆಂಟು ಎಷ್ಟು ಆಂಪಿಯರ್, ಅನ್ನುವ ಎರಡನ್ನೂ ಕೇಳಿ ಬರೆದಿಟ್ಟುಕೊಳ್ಳಿ.